ಹಳೇ ನೆಗೆಟಿವ್‌ನ ಬಯಲಿಗೆ ಬಣ್ಣ ಬರಿಸುವುದು ಹೇಗೆ?

ಮಂಡ್ಯದ ಕಡೆಯ ಭತ್ತದ ಬಯಲಿನ ಹಳೇ ನೆಗೆಟಿವ್ ಸ್ಕ್ಯಾನ್ ಮಾಡಿ ‘ಆಟೋ ಕಲರ್’ ಒತ್ತಿದರೆ ಗದ್ದೆಯ ಹಸಿರು ಸಪ್ಪೆಯಾಗುತ್ತದೆ, ಬಿಳಿ ಮೋಡ ನೇರಳೆಗೆ ತಿರುಗುತ್ತದೆ. ಚಿತ್ರದ ಬಣ್ಣಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಬೂದು ಬರಬೇಕು ಎಂಬ ಲೆಕ್ಕದಲ್ಲಿ ಆ ಬಟನ್ ಕೆಲಸ ಮಾಡುತ್ತದೆ. ಮುಕ್ಕಾಲು ಚಿತ್ರ ಹಸಿರೇ ಆಗಿದ್ದರೆ ಅದನ್ನೇ ದೋಷವೆಂದು ಎಣಿಸಿ, ಹಸಿರಿಗೆ ಎದುರಾದ ಮೆಜೆಂಟಾ ಸುರಿಯುತ್ತದೆ. ಕೆಆರ್‌ಎಸ್ ಹಿನ್ನೀರಿನ ನೀಲಿ ಚಿತ್ರಗಳು ಹಳದಿಯಾಗುವುದೂ ಇದರಿಂದಲೇ. ನಿಸರ್ಗ ಚಿತ್ರಕ್ಕೆ ಆಟೋ ಬೇಡ. ಚಿತ್ರ ಕೂಡಿ ಆಗಿರುವ ಕೆಂಪು, ಹಸಿರು, ನೀಲಿ ಭಾಗಗಳನ್ನು, ಅಂದರೆ ಚಾನೆಲ್‌ಗಳನ್ನು, ಒಂದೊಂದಾಗಿ ಕೈಯಾರೆ ಸರಿಪಡಿಸಿ, ಆಮೇಲೆ ಕಾಂಟ್ರಾಸ್ಟ್‌ಗೆ ಕೈ ಹಾಕಿ. ಮೊದಲೇ ಕಾಂಟ್ರಾಸ್ಟ್ ಏರಿಸಿದರೆ ಬಣ್ಣದ ದೋಷವೂ ಅದರ ಜತೆಗೇ ಏರುತ್ತದೆ.

ಸ್ಕ್ಯಾನ್ ಮಾಡುವಾಗ

ಬೆಳಕು ಫಿಲ್ಮ್ ಮೂಲಕ ಹಾಯಬೇಕು. ಆದ್ದರಿಂದ ಕಾಗದಪತ್ರ ಸ್ಕ್ಯಾನ್ ಮಾಡುವ ಸಾಮಾನ್ಯ ಯಂತ್ರ ಆಗದು. ಮುಚ್ಚಳದಲ್ಲೇ ದೀಪವಿರುವ ಫ್ಲ್ಯಾಟ್‌ಬೆಡ್ ಅಥವಾ ಪ್ರತ್ಯೇಕ ಫಿಲ್ಮ್ ಸ್ಕ್ಯಾನರ್ ಬೇಕು. ನೆಗೆಟಿವ್ ಪಟ್ಟಿಯನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ದೂಳನ್ನು ರಬ್ಬರ್ ಬ್ಲೋವರ್‌ನಿಂದ ಊದಿ. ಬಾಯಿಂದ ಊದಿದರೆ ಎಂಜಲಿನ ಹನಿ ಬಿದ್ದು ಕಲೆ ನಿಲ್ಲುತ್ತದೆ. ಜೇಡರ ಬಲೆಯಂತೆ ಹಬ್ಬಿದ ಗುರುತು ಕಂಡರೆ ಅದು ಫಂಗಸ್. ಎಮಲ್ಷನ್‌ನ (ಫಿಲ್ಮ್ ಮೇಲೆ ಚಿತ್ರ ಮೂಡಿರುವ ಲೇಪದ) ಜೆಲಟಿನ್ ನೀರಿಗೆ ಮೆತ್ತಗಾಗುವುದರಿಂದ ಒದ್ದೆ ಬಟ್ಟೆಯಲ್ಲಿ ಒರೆಸಬಾರದು. ಹಾಗೇ ಸ್ಕ್ಯಾನ್ ಮಾಡಿ, ಕಲೆಯನ್ನು ಕಂಪ್ಯೂಟರಿನಲ್ಲಿ ತೆಗೆಯುವುದೇ ಕ್ಷೇಮ.

ಸ್ಕ್ಯಾನರ್ ತಂತ್ರಾಂಶದಲ್ಲಿ ಪ್ರತಿ ಚಾನೆಲ್‌ಗೆ 16 ಬಿಟ್, ಅಂದರೆ 48 ಬಿಟ್ ಕಲರ್ ಆರಿಸಿ, ಟಿಫ್ (ವಿವರ ಕಳೆಯದ ಕಡತ ರೂಪ) ಆಗಿ ಉಳಿಸಿ. 8 ಬಿಟ್ ಜೆಪೆಗ್ ಅನ್ನು ಮುಂದೆ ಎಳೆದಾಡಿದರೆ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿಗಳು ಏಳುತ್ತವೆ. 35 ಮಿ.ಮೀ. ಫಿಲ್ಮ್‌ಗೆ 2400 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ) ಸಾಕು: ಸುಮಾರು 3400 × 2270 ಪಿಕ್ಸೆಲ್, 46 ಎಂಬಿ ಕಡತ. ಮನೆಬಳಕೆಯ ಫ್ಲ್ಯಾಟ್‌ಬೆಡ್‌ಗಳ ಪೆಟ್ಟಿಗೆ ಮೇಲೆ 6400 ಎಂದು ಬರೆದಿದ್ದರೂ ಅಷ್ಟು ವಿವರ ಅವು ಕೊಡುವುದಿಲ್ಲ. ಕಡತ ಮಾತ್ರ ಊದಿಕೊಳ್ಳುತ್ತದೆ. ಶಾರ್ಪನಿಂಗ್, ಕಲರ್ ರೆಸ್ಟೊರೇಷನ್, ಆಟೋ ಎಕ್ಸ್‌ಪೋಷರ್ ಎಲ್ಲವನ್ನೂ ಆಫ್ ಮಾಡಿ. ಸ್ಕ್ಯಾನ್ ಮಂಕಾಗಿ, ಜೀವವಿಲ್ಲದಂತೆ ಬರಲಿ. ಬರಬೇಕಾದದ್ದೇ ಹಾಗೆ, ಏಕೆಂದರೆ ಕಪ್ಪು, ಬಿಳಿ ಎರಡು ತುದಿಗಳಲ್ಲೂ ವಿವರ ಕತ್ತರಿಸಿ ಹೋಗಿರುವುದಿಲ್ಲ.

ಇನ್‌ಫ್ರಾರೆಡ್‌ನಿಂದ ದೂಳು ತೆಗೆಯುವ ಸೌಲಭ್ಯವನ್ನು ಕಲರ್ ನೆಗೆಟಿವ್‌ಗೆ ಧಾರಾಳವಾಗಿ ಬಳಸಿ. ಸಾಮಾನ್ಯ ಕಪ್ಪು–ಬಿಳುಪು ಫಿಲ್ಮ್‌ಗೆ ಮಾತ್ರ ಬೇಡ. ಅದರಲ್ಲಿ ಚಿತ್ರವೇ ಬೆಳ್ಳಿಯ ಕಣ; ಬೆಳ್ಳಿ ಇನ್‌ಫ್ರಾರೆಡ್ ತಡೆಯುವುದರಿಂದ ಚಿತ್ರವನ್ನೇ ದೂಳೆಂದು ತಿಳಿದು ಅಳಿಸುತ್ತದೆ.

ಚಾನೆಲ್ ಚಾನೆಲ್ ಆಗಿ ಲೆವೆಲ್ಸ್

ಕಲರ್ ನೆಗೆಟಿವ್‌ನ ತಳದಲ್ಲಿ ಕಿತ್ತಳೆ ಛಾಯೆ ಇರುತ್ತದೆ. ಫಿಲ್ಮ್‌ನ ವರ್ಣದ್ರವ್ಯಗಳ ಕೊರತೆ ತುಂಬಲು ತಯಾರಕರೇ ಸೇರಿಸಿದ ಮಾಸ್ಕ್ ಅದು. ನೆಗೆಟಿವ್ ತಿರುಗಿಸಿ ಪಾಸಿಟಿವ್ (ಸಹಜ ಬಣ್ಣದ ಚಿತ್ರ) ಮಾಡುವಾಗ ಅದು ಪೂರ್ತಿ ಕಳೆಯದೆ ಉಳಿದರೆ ಚಿತ್ರಕ್ಕೆಲ್ಲ ನೀಲಿ–ಸಯಾನ್ (ಹಸಿರು ಬೆರೆತ ನೀಲಿ) ಪರದೆ ಹೊದಿಸಿದಂತೆ ಕಾಣುತ್ತದೆ.

ಉಚಿತವಾಗಿ ಸಿಗುವ ಗಿಂಪ್‌ನಲ್ಲೋ ಫೋಟೊಶಾಪ್‌ನಲ್ಲೋ ಕಡತ ತೆರೆದು, ಮೊದಲು ಸುತ್ತಲಿನ ಕಪ್ಪು ಅಂಚು ಕ್ರಾಪ್ ಮಾಡಿ. ಅಂಚು ಉಳಿದರೆ ಹಿಸ್ಟೊಗ್ರಾಂ (ಚಿತ್ರದಲ್ಲಿ ಕಪ್ಪಿನಿಂದ ಬಿಳಿವರೆಗೆ ಯಾವ ಮಟ್ಟದ ಪಿಕ್ಸೆಲ್ ಎಷ್ಟಿವೆ ಎಂದು ತೋರಿಸುವ ನಕ್ಷೆ) ಸುಳ್ಳು ಹೇಳುತ್ತದೆ. ಆ ನಕ್ಷೆಯ ತುದಿಗಳನ್ನು ಹೊಂದಿಸುವ ಲೆವೆಲ್ಸ್ ಉಪಕರಣ ತೆರೆದು ಕೆಂಪು ಚಾನೆಲ್ ಆರಿಸಿ. ಎಡಗಡೆ ತ್ರಿಕೋನವನ್ನು ಗುಡ್ಡದಂತಿರುವ ನಕ್ಷೆ ಶುರುವಾಗುವ ಜಾಗಕ್ಕೆ, ಬಲಗಡೆಯದನ್ನು ಅದು ಮುಗಿಯುವ ಜಾಗಕ್ಕೆ ತನ್ನಿ. ಹಸಿರು, ನೀಲಿಗೂ ಹಾಗೇ. ಎರಡೂ ಕಡೆ ಕೂದಲೆಳೆಯಷ್ಟು ಜಾಗ ಬಿಡಿ. ಪರದೆ ಬಹುಪಾಲು ಇಲ್ಲೇ ಸರಿಯುತ್ತದೆ. ಆದರೆ ಸೂರ್ಯಾಸ್ತದ ಚಿತ್ರಕ್ಕೆ ಈ ಉಪಾಯ ಹೂಡಬೇಡಿ. ಅಲ್ಲಿ ನೀಲಿ ಚಾನೆಲ್ ಬಲತುದಿ ಮುಟ್ಟದಿರುವುದೇ ಸರಿ. ಎಳೆದು ತಂದರೆ ಸಂಜೆ ಹೋಗಿ ಮಧ್ಯಾಹ್ನವಾಗುತ್ತದೆ.

ಈಗ ನಡುವಿನ ತ್ರಿಕೋನ. ಇದಕ್ಕೆ ಚಿತ್ರದಲ್ಲೇ ಬಣ್ಣವಿಲ್ಲದ ಒಂದು ವಸ್ತು ಬೇಕು. ಮೇಲುಕೋಟೆಯ ರಾಯಗೋಪುರದ ಕಂಬಗಳ ಚಿತ್ರ ಎಂದುಕೊಳ್ಳಿ. ಬಿಸಿಲು ಬಿದ್ದ ಕಲ್ಲಿನ ಮೇಲೆ ಕಲರ್ ಪಿಕರ್ (ಬಣ್ಣದ ಅಂಕಿ ಓದುವ ಉಪಕರಣ) ಇಟ್ಟು, 10–15 ಪಿಕ್ಸೆಲ್ ಸರಾಸರಿ ತೆಗೆದುಕೊಳ್ಳಿ. ಒಂದೇ ಪಿಕ್ಸೆಲ್ ಓದಿದರೆ ಸಿಗುವುದು ಫಿಲ್ಮ್‌ನ ಕಣದ ಬಣ್ಣ, ಕಲ್ಲಿನದಲ್ಲ. 0–255ರ ಅಳತೆಯಲ್ಲಿ ಓದು ಕೆಂಪು 148, ಹಸಿರು 160, ನೀಲಿ 171 ಬಂತೆನ್ನಿ. ಕೆಂಪು ಚಾನೆಲ್‌ನ ನಡು ಅಂಕಿಯನ್ನು 1.00ರಿಂದ 1.17ಕ್ಕೆ ಏರಿಸಿ, ನೀಲಿಯದನ್ನು 0.86ಕ್ಕೆ ಇಳಿಸಿ: ಮೂರೂ 160ರ ಆಸುಪಾಸಿಗೆ ಬರುತ್ತವೆ. ಬಿಸಿಲಿನ ಕಲ್ಲಿಗೆ ಕೆಂಪು ಮೂರು–ನಾಲ್ಕು ಅಂಕಿ ಹೆಚ್ಚಿದ್ದರೆ ಇನ್ನೂ ಚೆನ್ನ. ನೆರಳಿನ ಕಲ್ಲನ್ನು ಆರಿಸಬೇಡಿ. ಅದರ ಮೇಲೆ ಬೀಳುವುದು ಆಕಾಶದ ನೀಲಿ ಬೆಳಕು. ತಂತ್ರಾಂಶ 0–100ರ ಅಳತೆ ತೋರಿಸಿದರೆ 2.55ರಿಂದ ಗುಣಿಸಿಕೊಳ್ಳಿ.

ಬಿಳಿಯೆಂದು ನಂಬಿ ಮೋಸಹೋಗುವ ಜಾಗಗಳೂ ಇವೆ. ಮಳೆಗಾಲದ ಗಗನಚುಕ್ಕಿಯ ನೊರೆ ಬಿಳಿಯಲ್ಲ; ಕಾವೇರಿ ಆಗ ಕೆನ್ನೀರು. ಆ ನೊರೆಯ ಮೇಲೆ ಬಿಳಿ ಡ್ರಾಪರ್ (ಮುಟ್ಟಿದ ಜಾಗವನ್ನು ಬಿಳಿಯಾಗಿಸುವ ಉಪಕರಣ) ಒತ್ತಿದರೆ ಬಂಡೆ, ಗಿಡ, ಆಕಾಶ ಎಲ್ಲ ನೀಲಿಗಟ್ಟುತ್ತವೆ. ಲಲಿತಮಹಲ್ ಗೋಡೆ ನಡುಹಗಲಿಗೆ ಒಳ್ಳೆಯ ಬಿಳಿ, ಸಂಜೆ ಐದೂವರೆಗೆ ಅಲ್ಲ.

ನೆರಳಲ್ಲಿ ಒಂದು ಬಣ್ಣ, ಮೋಡದಲ್ಲಿ ಇನ್ನೊಂದು ಎನ್ನುವ ಚಿತ್ರಗಳೇ ಹೆಚ್ಚು ಕಾಡುವುದು. ವರ್ಷಗಟ್ಟಲೆ ಬಿಸಿಯಲ್ಲಿ, ತೇವದಲ್ಲಿ ಇದ್ದ ನೆಗೆಟಿವ್‌ಗಳಲ್ಲಿ ಸಯಾನ್ ವರ್ಣದ್ರವ್ಯ ಮೊದಲು ಮಾಸುವುದುಂಟು. ಕೆಂಪು ಬೆಳಕನ್ನು ದಾಖಲಿಸಿದ ಪದರ ಅದು. ಮೋಡ, ಬಿಳಿ ಗೋಡೆಗಳಿರುವ ಕಡೆ ನೆಗೆಟಿವ್ ದಟ್ಟವಾಗಿರುವುದರಿಂದ ನಷ್ಟವೂ ಅಲ್ಲೇ ಹೆಚ್ಚು. ಪಾಸಿಟಿವ್‌ನಲ್ಲಿ ಮೋಡ ಸಯಾನ್ ಆಗಿ ಕಾಣುವುದು ಅದಕ್ಕೆ. ಸ್ಲೈಡ್ (ಪಾಸಿಟಿವ್ ಫಿಲ್ಮ್) ಮತ್ತು ಪ್ರಿಂಟ್‌ಗಳಲ್ಲಿ ಇದೇ ದೋಷ ಕೆಂಪಾಗಿ ಕಾಣುತ್ತದೆ. ಇಂಥಲ್ಲಿ ಕಲರ್ ಬ್ಯಾಲೆನ್ಸ್ ಗುಂಡಿ ತಿರುಗಿಸಿ ಫಲವಿಲ್ಲ. ಕರ್ವ್ಸ್‌ನಲ್ಲಿ (ಗೆರೆ ಬಾಗಿಸಿ ಬೆಳಕು ಹೊಂದಿಸುವ ಉಪಕರಣ) ಕೆಂಪು ಚಾನೆಲ್ ತೆರೆದು, 60ರ ಬಳಿ ಒಂದು ಬಿಂದು ಊರಿ ನೆರಳನ್ನು ಕಟ್ಟಿಹಾಕಿ, 200ರ ಬಳಿಯ ಬಿಂದುವನ್ನು 210–215ರವರೆಗೆ ಎತ್ತಿ. ಮೋಡದ ಮೂರೂ ಅಂಕಿ 235–245ರಲ್ಲಿ ಒಂದಕ್ಕೊಂದು ಹತ್ತಿರವಾದಾಗ ನಿಲ್ಲಿಸಿ.

ಕಾಂಟ್ರಾಸ್ಟ್

ಲೇಯರ್ (ಚಿತ್ರದ ಪದರ) ನಕಲು ಮಾಡಿ, ಅದು ಕೆಳಗಿನದರ ಜತೆ ಬೆರೆಯುವ ಮೋಡ್ ಅನ್ನು ಲ್ಯೂಮಿನನ್ಸ್ (ಫೋಟೊಶಾಪ್‌ನಲ್ಲಿ ಲ್ಯುಮಿನಾಸಿಟಿ) ಮಾಡಿ. ಆ ಲೇಯರ್‌ನ ಕರ್ವ್‌ನಲ್ಲಿ 64ನ್ನು 56ಕ್ಕೆ ಇಳಿಸಿ, 192ನ್ನು 200ಕ್ಕೆ ಏರಿಸಿ. ಮೋಡ್ ಬದಲಿಸದೆ ಇದನ್ನೇ ಮಾಡಿದರೆ ಬಣ್ಣವೂ ಗಾಢವಾಗಿ, ಭತ್ತದ ಪೈರು ಗಿಳಿಹಸಿರಾಗುತ್ತದೆ. ಪೈರಿನ ಹಸಿರಲ್ಲಿ ಹಳದಿ ಬಹಳ. ಕೆಂಪು 120, ಹಸಿರು 145, ನೀಲಿ 60 ಎಂಬಂಥ ಅನುಪಾತ ಸಹಜ. ಕೆಂಪು ತೀರಾ ಇಳಿದಿದ್ದರೆ ಪ್ಲಾಸ್ಟಿಕ್ ಗಿಡದ ಕಳೆ ಬರುತ್ತದೆ.

ಚಾಮುಂಡಿಬೆಟ್ಟದ ಮೇಲಿಂದ ಬೆಳಗ್ಗೆ ತೆಗೆದ ಮೈಸೂರಿನ ನೋಟಕ್ಕೆ ಇದಿಷ್ಟೇ ಸಾಲದು, ಏಕೆಂದರೆ ಮಬ್ಬು ದೂರದ ಭಾಗದಲ್ಲಿ ಮಾತ್ರ ಇರುತ್ತದೆ. ಅನ್‌ಶಾರ್ಪ್ ಮಾಸ್ಕ್ ಎಂಬ ಫಿಲ್ಟರ್‌ಗೆ ರೇಡಿಯಸ್ 50, ಅಮೌಂಟ್ 0.2 (ಫೋಟೊಶಾಪ್‌ನಲ್ಲಿ 20 ಶೇಕಡಾ) ಕೊಟ್ಟು, ಲೇಯರ್ ಮಾಸ್ಕ್‌ನಲ್ಲಿ (ಪದರದ ಯಾವ ಭಾಗ ಕಾಣಬೇಕೆಂದು ಹೇಳುವ ಮುಸುಕು) ಗ್ರೇಡಿಯೆಂಟ್ (ಕ್ರಮೇಣ ಮಾಸುವ ಛಾಯೆ) ಎಳೆದು ಊರಿರುವ ಭಾಗಕ್ಕಷ್ಟೇ ತಾಗಿಸಿ. ಮಬ್ಬನ್ನು ಪೂರ್ತಿ ಒರೆಸಬೇಡಿ. ಒರೆಸಿದರೆ ಊರು ಬೆಟ್ಟದ ಬುಡಕ್ಕೇ ಬಂದು ನಿಂತಂತೆ ಕಾಣುತ್ತದೆ.

ಆಕಾಶದಲ್ಲಿ ಕಣ ಎದ್ದರೆ ಆ ಭಾಗದ ಕಾಂಟ್ರಾಸ್ಟ್ ತಗ್ಗಿಸಿ. ನೆಗೆಟಿವ್‌ನಲ್ಲಿ ಆಕಾಶವೇ ಅತಿ ದಟ್ಟ, ಅಲ್ಲಿ ಸ್ಕ್ಯಾನರ್‌ಗೆ ಸಿಗುವ ಬೆಳಕು ಕಡಿಮೆ. ಸ್ಲೈಡ್‌ನಲ್ಲಿ ಇದು ಉಲ್ಟಾ: ಕಣ ಏಳುವುದು ಮರದ ನೆರಳಲ್ಲಿ. ಅದನ್ನು ಎತ್ತಲು ಹೋಗದೆ ಕಪ್ಪಾಗಿಯೇ ಬಿಡಿ.

ಮೂಲ ಟಿಫ್ ಹಾಗೇ ಇರಲಿ. ಪ್ರಿಂಟ್‌ಗೆ, ವಾಟ್ಸ್‌ಆ್ಯಪ್‌ಗೆ ಎಸ್‌ಆರ್‌ಜಿಬಿ (ಪರದೆಗಳಿಗೆಲ್ಲ ಸಾಮಾನ್ಯವಾದ ಬಣ್ಣದ ಮಾನಕ) ಜೆಪೆಗ್ ಬೇರೆ ಮಾಡಿ. 2400 ಡಿಪಿಐ ಸ್ಕ್ಯಾನ್‌ನಿಂದ 12 × 8 ಇಂಚಿನ ಪ್ರಿಂಟ್ ಚೆನ್ನಾಗಿಯೇ ಬರುತ್ತದೆ. ಅದಕ್ಕೂ ಮೊದಲು ಸ್ಟುಡಿಯೊದಲ್ಲಿ ಒಂದು 6 × 4 ಹಾಕಿಸಿ, ‘ಆಟೋ ಕರೆಕ್ಷನ್ ಬೇಡ’ ಎಂದು ಹೇಳಿ. ಪ್ರಿಂಟ್ ಕಪ್ಪಾಗಿ ಬಂದರೆ ಚಿತ್ರಕ್ಕಿಂತ ಮೊದಲು ಮಾನಿಟರಿನ ಬ್ರೈಟ್‌ನೆಸ್ ಇಳಿಸಿ ನೋಡಿ.