ನಿರಾಶ್ರಿತರ ಶಿಬಿರದಲ್ಲಿ ಹೆಣ್ಣುಮಕ್ಕಳ ಸುರಕ್ಷತೆ: ದೂರು ಬರಲಿ ಅಂತ ಕಾಯಬೇಡಿ

"ಹೆಂಗಸರ ಮೇಲೆ ದೌರ್ಜನ್ಯವಾ? ನಮ್ಮ ಶಿಬಿರದಲ್ಲಿ ಅಂಥದ್ದೇನೂ ಇಲ್ಲ, ಒಂದು ದೂರೂ ಬಂದಿಲ್ಲ" ಅಂತ ಯಾರಾದರೂ ಹೇಳಿದರೆ ಸಮಾಧಾನಪಟ್ಟುಕೊಂಡು ಸುಮ್ನೆ ಕೂರಬೇಡಿ. ಯುದ್ಧಕ್ಕೆ ಹೆದರಿ ಮನೆ ಬಿಟ್ಟು ಬಂದವರು ಬಾಯಿ ಬಿಡದಿರಲು ನೂರು ಕಾರಣ ಇರುತ್ತವೆ. ನಾಚಿಕೆ, ಭಯ, ಗಂಡ ಏನಂತಾನೋ ಅನ್ನೋ ಚಿಂತೆ, ಕೆಲವೊಮ್ಮೆ ಹೇಳಿಕೊಳ್ಳಲು ನಂಬಿಕೆಯ ಒಬ್ಬ ಹೆಂಗಸೂ ಸಿಗದಿರುವುದು. ಹಿಂಸೆ ನಡೆಯುತ್ತಲೇ ಇದೆ ಅಂದುಕೊಂಡು ಮೊದಲ ದಿನದಿಂದಲೇ ಕೆಲಸ ಶುರು ಮಾಡಿ.

ಮೊದಲ ಕೆಲಸ, ಅಲ್ಲಿನ ಹೆಂಗಸರ ಜೊತೆ ಶಿಬಿರವನ್ನು ಒಂದು ಸುತ್ತು ನಡೆದು ನೋಡುವುದು. ಹಗಲಲ್ಲೊಮ್ಮೆ, ಕತ್ತಲಾದ ಮೇಲೊಮ್ಮೆ. "ನಿಮಗೇನಾದರೂ ಆಗಿದೆಯಾ" ಅಂತ ಗುಂಪಿನಲ್ಲಿ ದಯವಿಟ್ಟು ಕೇಳಬೇಡಿ. "ಯಾವ ಜಾಗಕ್ಕೆ ಹೋಗಲು ಹೆದರುತ್ತೀರಿ, ಯಾವ ಹೊತ್ತಲ್ಲಿ" ಅಂತ ಕೇಳಿದರೆ ಸಾಕು, ಕಾಲುದಾರಿ ಕಾಲುದಾರಿಯನ್ನೂ ಅವರೇ ತೋರಿಸುತ್ತಾರೆ.

ಶೌಚಾಲಯದ ಮಾತು ಸಾಮಾನ್ಯವಾಗಿ ಮೊದಲೇ ಬರುತ್ತದೆ. ನೆರವಿನ ಕೆಲಸದವರು ಬಳಸುವ ಸ್ಫಿಯರ್ ಮಾನದಂಡದ ಪ್ರಕಾರ 20 ಜನರಿಗೆ ಒಂದು ಶೌಚಾಲಯ ಇರಬೇಕು, ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಮೂರು. ಬೇರೆ ಬೇರೆ ಕಡೆ ಕಟ್ಟಿ. ಒಳಗಿನಿಂದ ಹಾಕುವ ಚಿಲಕ ಇರಲೇಬೇಕು. ಶೌಚಾಲಯಕ್ಕೆ ದೀಪ ಹಾಕಿ, ಅಲ್ಲಿಗೆ ಹೋಗುವ ದಾರಿಯನ್ನು ಕತ್ತಲಲ್ಲೇ ಬಿಟ್ಟರೆ ಏನು ಪ್ರಯೋಜನ? ನೀರಿನ ನಲ್ಲಿ 500 ಮೀಟರ್ ಒಳಗಿರಲಿ, ಸರದಿಯಲ್ಲಿ 30 ನಿಮಿಷಕ್ಕಿಂತ ಜಾಸ್ತಿ ನಿಲ್ಲುವಂತಾಗಬಾರದು.

ಸೌದೆಯನ್ನು ತುಂಬಾ ಜನ ಮರೆಯುತ್ತಾರೆ. ಸುಡಾನಿನ ದಾರ್ಫುರ್‌ನಲ್ಲಿ ಸೌದೆ ತರಲು ಶಿಬಿರದಿಂದ ಹೊರಗೆ ಹೋದ ಹೆಂಗಸರ ಮೇಲೆ ಮತ್ತೆ ಮತ್ತೆ ಅತ್ಯಾಚಾರ ನಡೆಯಿತು. ಕಡಿಮೆ ಸೌದೆ ಸಾಕಾಗುವ ಒಲೆ ಕೊಟ್ಟರೆ ಹೊರಗೆ ಹೋಗುವ ಸರದಿ ಕಡಿಮೆಯಾಗುತ್ತದೆ, ಆದರೆ ಹೋಗಲೇಬೇಕಾದ ದಿನ ಗುಂಪಾಗಿ ಹೋಗುವ ಏರ್ಪಾಡು, ಅವರು ಒಪ್ಪುವ ಕಾವಲು, ಇವೂ ಬೇಕಾಗುತ್ತವೆ.

ರೇಷನ್ ಹಂಚುವಾಗ ಹಗಲಲ್ಲೇ ಹಂಚಿ, ಹಂಚುವವರಲ್ಲಿ ಹೆಂಗಸರೂ ಇರಲಿ, ಹೆಣ್ಣುಮಕ್ಕಳ ಹೆಸರನ್ನು ಅವರದ್ದೇ ಆಗಿ ನೋಂದಾಯಿಸಿ. ನೆರವು ಪುಕ್ಕಟೆ, ಅದಕ್ಕೆ ಬದಲಾಗಿ ಯಾರೂ ದುಡ್ಡನ್ನಾಗಲಿ ದೇಹವನ್ನಾಗಲಿ ಕೇಳುವಂತಿಲ್ಲ ಅಂತ ಅವರ ಭಾಷೆಯಲ್ಲೇ ಎಲ್ಲರಿಗೂ ಹೇಳಿ. ನೆರವಿಗೆ ಬದಲಾಗಿ ದೇಹ ಕೇಳಬಾರದು ಅಂತ ವಿಶ್ವಸಂಸ್ಥೆ 2003ರಲ್ಲೇ ತನ್ನ ಸಿಬ್ಬಂದಿಗೆ ನಿಯಮ ಮಾಡಿದೆ. ದೂರು ಕೇಳುವವರು ಮಾತ್ರ ಹಂಚುವವರೇ ಆಗಿರಬಾರದು, ಅಲ್ವಾ?

ಅಪಾಯ ಎಷ್ಟೋ ಸಲ ಡೇರೆಯ ಒಳಗೇ, ಗಂಡನಿಂದಲೇ ಇರುತ್ತದೆ. ಅದಕ್ಕೆ ದೀಪ, ಚಿಲಕ ಸಾಲದು. ಹೆಂಗಸರಷ್ಟೇ ಕೂತು ಮಾತಾಡುವ ಒಂದು ಜಾಗ ಮಾಡಿ, ಗಂಡಸರ ಜೊತೆಗೂ ಬೇರೆಯಾಗಿ ಕೂತು ಮಾತಾಡಿ.

ಯಾರಾದರೂ ಬಂದು ಹೇಳಿಕೊಂಡರೆ ನಂಬಿ, ಕೇಳಿಸಿಕೊಳ್ಳಿ. "ಅಲ್ಲಿಗೆ ಯಾಕೆ ಹೋದೆ" ಅನ್ನಬೇಡಿ. ಹಿರಿಯರನ್ನು ಕೂರಿಸಿ ರಾಜಿ ಮಾಡಿಸಬೇಡಿ. ಪೊಲೀಸರ ಹತ್ತಿರ ಹೋಗಬೇಕೋ ಬೇಡವೋ ಅವಳೇ ನಿರ್ಧರಿಸಲಿ, ಆದರೆ ಹೊತ್ತಿನ ವಿಷಯ ಮಾತ್ರ ತಪ್ಪದೆ ತಿಳಿಸಿ: ಅತ್ಯಾಚಾರ ಆಗಿದ್ದರೆ ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಗರ್ಭ ತಡೆಯುವ ತುರ್ತು ಮಾತ್ರೆ 120 ಗಂಟೆಯೊಳಗೆ, ಎರಡೂ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಆ ಹೊತ್ತು ಮೀರಿದ್ದರೂ ಚಿಕಿತ್ಸೆಗೆ ಹೋಗುವುದು ಬೇಕೇ ಬೇಕು. ಎಲ್ಲಿ ಸಿಗುತ್ತದೆ ಅನ್ನೋದನ್ನು ನೀವು ಇವತ್ತೇ ತಿಳಿದಿಟ್ಟುಕೊಳ್ಳಿ. ಅವಳ ಹೆಸರು, ಫೋಟೋ ಯಾರ ಕೈಗೂ ಹೋಗದಿರಲಿ.

ಆ ರಾತ್ರಿಯ ಸುತ್ತನ್ನು ತಿಂಗಳಿಗೊಮ್ಮೆಯಾದರೂ ಮತ್ತೆ ಮಾಡಿ. ಅಷ್ಟರಲ್ಲಿ ದೀಪ ಕೆಟ್ಟಿರುತ್ತದೆ, ಚಿಲಕ ಮುರಿದಿರುತ್ತದೆ, ನಿಮ್ಮ ಪರಿಚಯವೇ ಇಲ್ಲದ ಹೊಸ ಕುಟುಂಬಗಳು ಶಿಬಿರದ ಅಂಚಿನಲ್ಲಿ ಡೇರೆ ಹಾಕಿರುತ್ತವೆ.