ಹಳೇ ಪಿಕಪ್ಪಿನ ಹಿಂದೆ ಸದ್ದು: ಕ್ರೌನ್ ಬಿಚ್ಚಿಸುವ ಮೊದಲು ಏನೇನು ನೋಡಬೇಕು

ಹತ್ತು ಹದಿನೈದು ವರ್ಷ ಟೊಮೆಟೊ ಕ್ರೇಟು, ಸಿಮೆಂಟು, ಹುಲ್ಲು ಹೊತ್ತ ಬೊಲೆರೊ ಪಿಕಪ್ಪೋ ಟಾಟಾ 207ಓ ಒಂದು ದಿನ ಹಿಂದಿನಿಂದ ಗುಂಯ್ ಅನ್ನತೊಡಗುತ್ತದೆ. ಗ್ಯಾರೇಜಿನಲ್ಲಿ ಬೇಗ ಸಿಗುವ ತೀರ್ಪು ಒಂದೇ: "ಕ್ರೌನ್ ಹೋಗಿದೆ, ಸೆಟ್ ಹಾಕ್ಬೇಕು." ಕ್ರೌನ್ ಅಂದರೆ ಹಿಂದಿನ ಎಕ್ಸೆಲ್ ಒಳಗಿನ ದೊಡ್ಡ ಹಲ್ಲಿನ ಚಕ್ರ; ಅದನ್ನು ತಿರುಗಿಸುವ ಸಣ್ಣದು ಪಿನಿಯನ್; ಎರಡೂ ಸೇರಿದರೆ ಸೆಟ್. ಹೋಗಿರಲೂಬಹುದು. ಆದರೆ ಟೈರು, ಚಕ್ರದ ನಡುವಿನ ಹಬ್ ಬೇರಿಂಗು, ಗೇರ್‌ಬಾಕ್ಸಿನಿಂದ ಹಿಂದಿನ ಎಕ್ಸೆಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಸೆಂಟರ್ ಬೇರಿಂಗು, ಅದೇ ಶಾಫ್ಟಿನ ಕೀಲಾದ ಜಾಯಿಂಟ್ ಕ್ರಾಸು ಎಲ್ಲವೂ ಕ್ಯಾಬಿನ್ನಿನಲ್ಲಿ ಕೂತವರಿಗೆ ಹೆಚ್ಚುಕಮ್ಮಿ ಒಂದೇ ಥರ ಕೇಳಿಸುತ್ತವೆ. ಸದ್ದು ಚಾಸಿಯ ಉದ್ದಕ್ಕೂ ಹರಿದು ಬರುವುದರಿಂದ, ಅದು ಎಲ್ಲಿಂದ ಹುಟ್ಟಿತು ಅನ್ನುವುದರಲ್ಲಿ ಕಿವಿಯನ್ನು ನಂಬುವಂತಿಲ್ಲ. ನಂಬಬೇಕಾದದ್ದು ಸದ್ದು ಯಾವುದರ ಜೊತೆ ಏರಿಳಿಯುತ್ತದೆ ಎಂಬುದನ್ನು: ಎಂಜಿನ್ ಸುತ್ತಿನ ಜೊತೆಯೋ, ಗಾಡಿಯ ವೇಗದ ಜೊತೆಯೋ, ಆಕ್ಸಿಲರೇಟರ್ ಜೊತೆಯೋ, ಸ್ಟೀರಿಂಗ್ ಜೊತೆಯೋ.

ಮೊದಲು ರಸ್ತೆ, ಆಮೇಲೆ ಜಾಕಿ

ಬಾಡಿಯಲ್ಲಿರುವ ಸ್ಟೆಪ್ನಿ, ಜಾಕಿ, ಸರಪಳಿ, ಹಗ್ಗದ ಕೊಕ್ಕೆ ಎಲ್ಲ ಇಳಿಸಿ. ಹಿಂಬಾಗಿಲ ಚಿಲಕಕ್ಕೆ ಬಟ್ಟೆ ಸಿಕ್ಕಿಸಿ. ಸೈಲೆನ್ಸರ್ ತಣ್ಣಗಿರುವಾಗ ಅದನ್ನು ಕೈಯಿಂದ ಅಲುಗಾಡಿಸಿ ನೋಡಿ. ರಬ್ಬರ್ ಹರಿದು ಪೈಪು ಚಾಸಿಯ ಅಡ್ಡಪಟ್ಟಿಯಾದ ಕ್ರಾಸ್ ಮೆಂಬರಿಗೆ ತಗಲುತ್ತಿದ್ದರೆ ಗೇರ್‌ಬಾಕ್ಸ್ ಗೊರಗುಟ್ಟಿದ ಹಾಗೇ ಕೇಳಿಸುತ್ತದೆ.

ಗಾಡಿ ನಿಂತಲ್ಲೇ, ನ್ಯೂಟ್ರಲ್‌ನಲ್ಲಿ, ಕ್ಲಚ್ ಬಿಟ್ಟು ಎಂಜಿನ್ ಏರಿಸಿ. ಆಗ ಗರಗರ ಇದ್ದು ಕ್ಲಚ್ ತುಳಿದ ಕೂಡಲೇ ನಿಂತರೆ ಎಂಜಿನ್ ಕಡೆಯಿಂದ ಗೇರ್‌ಬಾಕ್ಸಿಗೆ ಬರುವ ಇನ್‌ಪುಟ್ ಶಾಫ್ಟಿನ ಬೇರಿಂಗ್ ಅಥವಾ ಅದರ ಕೆಳಗಿನ ಜೋಡಿ ದಂಡವಾದ ಕೌಂಟರ್ ಶಾಫ್ಟಿನ ಬೇರಿಂಗ್. ಉಲ್ಟಾ, ಕ್ಲಚ್ ತುಳಿದಾಗ ಮಾತ್ರ ಸದ್ದು ಬಂದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ನಿಂತಾಗ ಏನೂ ಇಲ್ಲದಿದ್ದರೆ ಹೊರಡಿ.

ಖಾಲಿ, ಸಮತಟ್ಟಾದ ರಸ್ತೆಯಲ್ಲಿ ಸದ್ದು ಜೋರಿರುವ ವೇಗ ಹಿಡಿಯಿರಿ, 50 ಅಂದುಕೊಳ್ಳೋಣ. ಅದೇ ವೇಗದಲ್ಲಿ ಮೂರನೇ, ನಾಲ್ಕನೇ, ಐದನೇ ಗೇರ್ ಬದಲಿಸಿ ಕೇಳಿ. ಸ್ವರ ಬದಲಾಗದಿದ್ದರೆ ತೊಂದರೆ ಗೇರ್‌ಬಾಕ್ಸಿನಿಂದ ಹಿಂದಕ್ಕೆ. ಐದು ಗೇರಿನ ಇಂಥ ಬಾಕ್ಸುಗಳಲ್ಲಿ ಸಾಮಾನ್ಯವಾಗಿ ನಾಲ್ಕನೆಯದು ನೇರ ಗೇರು, ಅಂದರೆ ಅದರಲ್ಲಿ ಕೌಂಟರ್ ಶಾಫ್ಟ್ ಸುಮ್ಮನೆ ಸುತ್ತುತ್ತದೆ, ಭಾರ ಹೊರುವುದಿಲ್ಲ. ಮಿಕ್ಕ ಗೇರುಗಳಲ್ಲಿ ಕೂಗಿ ನಾಲ್ಕರಲ್ಲಿ ಮಾತ್ರ ಸದ್ದು ಅಡಗಿದರೆ ಕೌಂಟರ್ ಶಾಫ್ಟಿನ ಬೇರಿಂಗೇ ಕಳ್ಳ.

ಈಗ ಕ್ರೌನಿನ ಪರೀಕ್ಷೆ. ಅದೇ ವೇಗದಲ್ಲಿ ಮೂರು ಸ್ಥಿತಿ ಕೇಳಬೇಕು: ಆಕ್ಸಿಲರೇಟರ್ ಒತ್ತಿ ಎಳೆಸುವಾಗ, ಪೂರ್ತಿ ಬಿಟ್ಟು ಎಂಜಿನ್ನೇ ಗಾಡಿಯನ್ನು ತಡೆಯುವಾಗ, ಎರಡೂ ಅಲ್ಲದೆ ವೇಗ ಹಿಡಿದಿಟ್ಟಷ್ಟೇ ಪೆಡಲ್ ಒತ್ತಿದಾಗ. ಕ್ರೌನ್-ಪಿನಿಯನ್ ಹಲ್ಲು ಸವೆದಿದ್ದರೆ ಊಳಿಡುವ ಸ್ವರ ಈ ಮೂರರಲ್ಲಿ ಖಂಡಿತ ಬದಲಾಗುತ್ತದೆ, ಎಷ್ಟೋ ಸಲ ಒಂದರಲ್ಲಿ ಬಂದು ಇನ್ನೊಂದರಲ್ಲಿ ಮಾಯವಾಗುತ್ತದೆ. ಎಳೆಸುವಾಗ ಮಾತ್ರ ಬಂದರೆ ಹಲ್ಲಿನ ಎಳೆಯುವ ಮುಖ ಸವೆದಿದೆ. ಬಿಟ್ಟಾಗ ಮಾತ್ರ ಬಂದರೆ ಪಿನಿಯನ್ ಬೇರಿಂಗ್ ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಮೂರರಲ್ಲೂ ಒಂದೇ ಸಮ ಗೊರಗೊರ ಅಂದರೆ ಹಲ್ಲಿನ ಮೇಲಿನ ಅನುಮಾನ ಬಿಟ್ಟು ಬೇರಿಂಗ್, ಟೈರ್ ಕಡೆ ತಿರುಗಿ. ನೇರ ರಸ್ತೆಯಲ್ಲಿ ತೆಪ್ಪಗಿದ್ದು ತಿರುವಿನಲ್ಲಿ ಮಾತ್ರ ಕಟಕಟ ಅಂದರೆ, ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಒಳಗಿನ ಸಣ್ಣ ಸ್ಪೈಡರ್ ಗೇರುಗಳು.

ಹಬ್ ಬೇರಿಂಗಿಗೆ ರಸ್ತೆ ಅಗಲವಾಗಿರಬೇಕು. 40ರ ವೇಗದಲ್ಲಿ ಮೆಲ್ಲಗೆ ಎಡಕ್ಕೆ, ಬಲಕ್ಕೆ ಓಲಾಡಿಸಿ. ಬಲಕ್ಕೆ ತಿರುಗಿದಾಗ ಭಾರ ಎಡಗಾಲಿಯ ಮೇಲೆ ಬೀಳುತ್ತದೆ; ಆಗ ಸದ್ದು ಏರಿದರೆ ಎಡ ಬೇರಿಂಗ್, ಎಡಕ್ಕೆ ತಿರುಗಿದಾಗ ಏರಿದರೆ ಬಲ.

ಟೈರನ್ನು ಯಾರೂ ಅನುಮಾನಿಸುವುದಿಲ್ಲ, ಮೋಸ ಆಗುವುದೇ ಅಲ್ಲಿ. ಅಂಗೈಯನ್ನು ಟೈರಿನ ಗುಬುಟುಗಳ ಮೇಲೆ ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಾಗೆ ಚುಚ್ಚಿದರೆ ಆ ಟೈರು ಕೂಗಿಯೇ ಕೂಗುತ್ತದೆ. ಟೈರಿನ ಸದ್ದು ರಸ್ತೆಯ ಮೈ ಬದಲಾದರೆ ತಾನೂ ಬದಲಾಗುತ್ತದೆ: ಶಿರಾಡಿ ಘಾಟಿಯಲ್ಲಿ ಡಾಂಬರು ಮುಗಿದು ಕಾಂಕ್ರೀಟು ಶುರುವಾಗುವಲ್ಲಿ ಸ್ವರ ಬೇರೆಯಾದರೆ ಅದು ಟೈರು. ಕ್ರೌನಿಗೆ ಡಾಂಬರೂ ಒಂದೇ, ಕಾಂಕ್ರೀಟೂ ಒಂದೇ. ಅನುಮಾನ ಉಳಿದರೆ ಹಿಂದಿನ ಎರಡು ಟೈರನ್ನು ಮುಂದಕ್ಕೆ ಹಾಕಿ ಓಡಿಸಿ; ಸದ್ದು ಬದಲಾದರೆ ಟೈರೇ. ಖರ್ಚು ಅರ್ಧ ಗಂಟೆ.

ಬಡಿತ ಎಣಿಸಿ

ಒಂದೇ ಸಮ ಊಳಲ್ಲ, ಟಕ್ ಟಕ್ ಎಂದು ಬಿಟ್ಟು ಬಿಟ್ಟು ಬರುವ ಸದ್ದಾದರೆ ಲೆಕ್ಕ ಇನ್ನೂ ಸುಲಭ. 15 ಇಂಚಿನ ರಿಮ್ಮಿಗೆ 215/75 ಟೈರು ಹಾಕಿದ ಗಾಡಿ ಚಕ್ರದ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುತ್ತದೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಒಂದೂಕಾಲು ಸುತ್ತು. ಕ್ರೌನ್ ಅನುಪಾತ 4ರ ಆಸುಪಾಸು ಇದ್ದರೆ ಪ್ರೊಪೆಲ್ಲರ್ ಶಾಫ್ಟ್ ಅದೇ ಸೆಕೆಂಡಿನಲ್ಲಿ ಐದು ಸುತ್ತು ಹೊಡೆದಿರುತ್ತದೆ. ಟೈರಿನ ಪಕ್ಕಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಇನ್ನೊಬ್ಬರಿಗೆ ಗಾಡಿ ನಡಿಗೆಯ ವೇಗದಲ್ಲಿ ಬಿಡಲು ಹೇಳಿ, ಪಕ್ಕದಲ್ಲಿ ನಡೆಯಿರಿ. ಗೆರೆ ಒಮ್ಮೆ ಕೆಳಗೆ ಬಂದಾಗ ಒಂದೇ ಬಡಿತವಾದರೆ ಚಕ್ರ, ಡ್ರಮ್, ಎಕ್ಸೆಲ್ ಅಥವಾ ಕ್ರೌನಿನ ಒಂದು ಮುರಿದ ಹಲ್ಲು. ನಾಲ್ಕು ಬಡಿತವಾದರೆ ಶಾಫ್ಟು, ಕ್ರಾಸು ಇಲ್ಲವೇ ಪಿನಿಯನ್. ಕಡಿಮೆ ವೇಗದಲ್ಲಿ ಚಿಂವ್ ಚಿಂವ್ ಅಂತ ಗುಬ್ಬಿಯಂತೆ ಕೂಗಿ, ವೇಗ ಏರಿದಾಗ ಕೇಳದಾದರೆ ಅದು ಗ್ರೀಸ್ ಒಣಗಿದ ಕ್ರಾಸು.

ಗಾಡಿಯ ಕೆಳಗೆ

ಮುಂದಿನ ಚಕ್ರಗಳಿಗೆ ಎರಡೂ ಬದಿ ಗಟ್ಟಿ ಅಡೆ ಕೊಡಿ. ಜಾಕಿಯೊಂದನ್ನೇ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಇಡಿ. ಸ್ಟ್ಯಾಂಡನ್ನು ಚಾಸಿಗಲ್ಲ, ಎಕ್ಸೆಲ್ ಹೌಸಿಂಗಿನ (ಎಕ್ಸೆಲ್ಲಿನ ಹೊರಕವಚ) ಕೆಳಗೆ ಇಡಬೇಕು. ಚಾಸಿಗೆ ಇಟ್ಟರೆ ಎಕ್ಸೆಲ್ ಜೋತುಬಿದ್ದು ಶಾಫ್ಟಿನ ಕೋನ ಹೆಚ್ಚಾಗುತ್ತದೆ, ಸರಿಯಿರುವ ಕ್ರಾಸೂ ಸದ್ದು ಮಾಡುತ್ತದೆ.

ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಡಿಸಿ. ಕ್ರಾಸಿನ ಎರಡೂ ಬದಿಯ ಯೋಕ್ (ಕವಲು) ಹಿಡಿದು ಒಂದನ್ನು ಅತ್ತ, ಒಂದನ್ನು ಇತ್ತ ತಿರುಚಿ. ಆಮೇಲೆ ಮೇಲೆ ಕೆಳಗೆ ಎತ್ತಿ. ಕೈಗೆ ತಿಳಿಯುವಷ್ಟು ಪ್ಲೇ (ಸಡಿಲ) ಇದ್ದರೆ ಬದಲಿಸಲೇಬೇಕು, ಇದರಲ್ಲಿ ಸ್ವಲ್ಪ ನಡೆಯುತ್ತೆ ಅನ್ನುವುದಿಲ್ಲ. ಕ್ರಾಸಿನ ನಾಲ್ಕು ತುದಿಗೂ ಇರುವ ಬಟ್ಟಲಿನಂಥ ಕಪ್ಪಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗಿನ ನೀಡಲ್‌ಗಳು (ಸೂಜಿಯಂಥ ರೋಲರ್) ಒಣಗಿ ತಿಂದುಹೋಗಿವೆ. ನಿಪ್ಪಲ್ ಇರುವ ಕ್ರಾಸಿಗೆ ಗ್ರೀಸ್ ಹೊಡೆದಾಗ ನಾಲ್ಕೂ ಕಪ್ಪಿನಿಂದ ಹೊಸ ಗ್ರೀಸ್ ಹೊರಬರಬೇಕು. ಒಂದರಿಂದ ಬರದಿದ್ದರೆ ಅದೇ ಮೊದಲು ಹೋಗುವ ಕಪ್ಪು.

ಉದ್ದ ಗಾಡಿಗಳಲ್ಲಿ ಶಾಫ್ಟು ಎರಡು ತುಂಡು, ನಡುವೆ ಸೆಂಟರ್ ಬೇರಿಂಗ್. ಅದರ ಸುತ್ತಲಿನ ರಬ್ಬರನ್ನು ಟಾರ್ಚ್ ಹಾಕಿ ನೋಡಿ. ಹರಿದಿದ್ದರೆ ಭಾರ ಹೇರಿ ಹೊರಡುವಾಗ ಕಾಲಡಿಯಲ್ಲಿ ನಡುಗಿದಂತಾಗಿ ಧಡಧಡ ಅನ್ನುತ್ತದೆ, ಗಾಡಿ ಓಟಕ್ಕೆ ಬಿದ್ದ ಮೇಲೆ ಸುಮ್ಮನಾಗುತ್ತದೆ. ಖಾಲಿ ಗಾಡಿಯಲ್ಲಿ ಪರೀಕ್ಷಿಸಿದ ಮೆಕ್ಯಾನಿಕ್ಕಿಗೆ ಇದು ಸಿಗುವುದೇ ಇಲ್ಲ. ಹೊರಡುವಾಗ ಒಂದೇ ಸಲ ಟಕ್ ಅಂದರೆ ಶಾಫ್ಟು ಉದ್ದ-ಗಿಡ್ಡ ಆಗಲು ಜಾರುವ ಸ್ಲಿಪ್ ಜಾಯಿಂಟಿನ ಸ್ಪ್ಲೈನ್ (ಉದ್ದುದ್ದದ ಹಲ್ಲುಗೆರೆ) ಒಣಗಿರಬಹುದು, ಇಲ್ಲವೇ ಸ್ಪ್ರಿಂಗಿನ ಪ್ಲೇಟ್ ಸೆಟ್ಟನ್ನು ಎಕ್ಸೆಲ್‌ಗೆ ಬಿಗಿದ ಯು-ಬೋಲ್ಟ್ ಸಡಿಲ. ಯು-ಬೋಲ್ಟ್ ಬಳಿ ಬಣ್ಣ ಕಿತ್ತು ಹೊಳೆಯುವ ಲೋಹ ಕಂಡರೆ ಎಕ್ಸೆಲ್ ಅಲ್ಲಿ ಸರಿದಾಡುತ್ತಿದೆ ಎಂದರ್ಥ.

ಶಾಫ್ಟು ಇಳಿಸುವ ಮುಂಚೆ ಎರಡೂ ಫ್ಲ್ಯಾಂಜಿಗೆ (ಬೋಲ್ಟ್ ಹಾಕುವ ತಟ್ಟೆ), ಸ್ಲಿಪ್ ಜಾಯಿಂಟಿಗೆ ಪೇಂಟಿನ ಗುರುತು ಹಾಕಿ. ಒಂದು ಸ್ಪ್ಲೈನ್ ಆಚೀಚೆ ಕೂರಿಸಿದರೂ ಎರಡು ಯೋಕುಗಳ ಜೋಡಣೆ ತಪ್ಪಿ, ಇಲ್ಲದ ನಡುಕ ಹೊಸದಾಗಿ ಬರುತ್ತದೆ. "ಕ್ರಾಸ್ ಹಾಕಿಸಿದ ಮೇಲೇ ಸದ್ದು ಜಾಸ್ತಿ ಆಯ್ತು" ಅನ್ನುವ ಗಾಡಿಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಹೊಸ ಕ್ರಾಸಿನ ಸರ್ಕ್ಲಿಪ್ ತೋಡಿಗೆ ಕೂರದಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ. ಕಪ್ಪಿನೊಳಗೆ ಒಂದು ನೀಡಲ್ ಅಡ್ಡ ಬಿದ್ದಿರುತ್ತದೆ.

ಶಾಫ್ಟು ಇಳಿದಿರುವಾಗಲೇ ಪಿನಿಯನ್ ಫ್ಲ್ಯಾಂಜ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ತಿರುಗಿಸಿದಾಗ ಸ್ವಲ್ಪ ಪ್ಲೇ ಇರುವುದು ಸಹಜ. ಮೇಲೆ ಕೆಳಗಿನ ಪ್ಲೇ ಕೂದಲೆಳೆಯಷ್ಟೂ ಇರಬಾರದು.

ಆಯಿಲ್ ಹೇಳುವ ಸತ್ಯ

ಹೌಸಿಂಗಿನ ಮೇಲಿನ, ಆಯಿಲ್ ತುಂಬುವ ಪ್ಲಗ್ಗನ್ನೇ ಮೊದಲು ಬಿಚ್ಚಿ. ಅದು ಜಾಮ್ ಆಗಿದ್ದು, ಕೆಳಗಿನದನ್ನು ಮೊದಲು ಬಿಚ್ಚಿ ಆಯಿಲ್ ಖಾಲಿ ಮಾಡಿದರೆ ತುಂಬಲು ದಾರಿಯೇ ಇರುವುದಿಲ್ಲ. ಸಮತಟ್ಟಿನಲ್ಲಿ ನಿಂತ ಗಾಡಿಯಲ್ಲಿ ಆಯಿಲ್ ತೂತಿನ ಕೆಳ ಅಂಚಿಗೆ ಮುಟ್ಟಿರಬೇಕು. ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಕೆಸರು ಅಂಟಿದ್ದರೆ ಗಾಬರಿ ಬೇಡ, ಅದು ಸಹಜ ಸವಕಳಿ. ಉಗುರಿನಲ್ಲಿ ಎತ್ತಬಹುದಾದ ಚೂರು, ಸಿಪ್ಪೆಯಂಥ ಚಕ್ಕೆ ಸಿಕ್ಕರೆ ಹೌಸಿಂಗ್ ಬಿಚ್ಚಲೇಬೇಕು. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಹೋಗಿದೆ. ಮಲೆನಾಡಿನ ಹಳ್ಳ ದಾಟುವ ಗಾಡಿಗಳಲ್ಲಿ ಇದು ಸಾಮಾನ್ಯ. ಹೌಸಿಂಗಿನ ಗಾಳಿ ಹೋಗುವ ತೂತಾದ ಬ್ರೀದರ್ ಮಣ್ಣಿನಿಂದ ಮುಚ್ಚಿದೆಯೇ ನೋಡಿ: ಅದು ಮುಚ್ಚಿದರೆ ಒಳಗಿನ ಒತ್ತಡ ಪಿನಿಯನ್ ಸೀಲಿನಿಂದ ಆಯಿಲನ್ನು ಹೊರದಬ್ಬುತ್ತದೆ.

ಕ್ರೌನಿಗೆ ಜಿಎಲ್-5 ದರ್ಜೆಯ ಆಯಿಲ್, ಸಾಮಾನ್ಯವಾಗಿ 80ಡಬ್ಲ್ಯು-90 ಅಥವಾ ಭಾರದ ಗಾಡಿಗೆ 85ಡಬ್ಲ್ಯು-140. ಉಳಿದದ್ದನ್ನು ಗೇರ್‌ಬಾಕ್ಸಿಗೆ ಸುರಿಯುವ ಮುನ್ನ ಗಾಡಿಯ ಪುಸ್ತಕ ನೋಡಿ. ಜಿಎಲ್-4 ಕೇಳುವ ಬಾಕ್ಸಿನ ಹಿತ್ತಾಳೆ ಸಿಂಕ್ರೊ ರಿಂಗುಗಳಿಗೆ (ಗೇರು ಸುಲಭವಾಗಿ ಬೀಳಲು ಇರುವ ಬಳೆ) ಜಿಎಲ್-5ರ ಕೆಲವು ಸೇರ್ಪಡೆಗಳು ಆಗಿಬರುವುದಿಲ್ಲ. ಆಯಿಲಿಗೆ ಮರದ ಪುಡಿ, ಬಾಳೆಹಣ್ಣು ಹಾಕಿ ಸದ್ದು ಅಡಗಿಸುವುದು ಗಾಡಿ ಮಾರುವವರ ಉಪಾಯ, ರಿಪೇರಿಯಲ್ಲ.

ಕ್ರೌನೇ ಎಂದು ಖಾತ್ರಿಯಾದರೆ

ಪಿನಿಯನ್ ನಟ್ಟನ್ನು "ಒಂಚೂರು ಟೈಟ್ ಮಾಡೋಣ" ಎನ್ನುವವರನ್ನು ತಡೆಯಿರಿ. ಒಳಗೆ ನಜ್ಜಾಗುವ ಸ್ಲೀವ್ ಇರುವ ಎಕ್ಸೆಲ್‌ಗಳಲ್ಲಿ ನಟ್ಟು ಬಿಗಿದಷ್ಟೂ ಸ್ಲೀವ್ ಕುಗ್ಗಿ ಬೇರಿಂಗ್ ಒತ್ತಿಹೋಗುತ್ತದೆ. ಮತ್ತೆ ಸಡಿಲಿಸಿದರೆ ಅದು ಹಿಗ್ಗುವುದಿಲ್ಲ, ಬೇರಿಂಗ್ ಕಾದು ಸುಡುತ್ತದೆ. ಕ್ರೌನು, ಪಿನಿಯನ್ ಒಟ್ಟಿಗೇ ಉಜ್ಜಿ ಹೊಂದಿಸಿದ ಜೋಡಿ. ಒಂದನ್ನು ಹಳೆಯದು, ಒಂದನ್ನು ಹೊಸದು ಹಾಕಿದರೆ ಊಳು ಬಿಡುವುದಿಲ್ಲ. ಹಲ್ಲುಗಳ ನಡುವಿನ ಪ್ಲೇ ಈ ಗಾತ್ರದ ಎಕ್ಸೆಲ್‌ಗಳಲ್ಲಿ ಸಾಮಾನ್ಯವಾಗಿ 0.13ರಿಂದ 0.20 ಮಿ.ಮೀ.; ನಿಮ್ಮ ಮಾದರಿಯ ಅಂಕಿಯೇ ಅಂತಿಮ. ಅದನ್ನು ಡಯಲ್ ಗೇಜಿನಿಂದ ಅಳೆದು, ಹಲ್ಲಿಗೆ ಬಣ್ಣ ಹಚ್ಚಿ ಗುರುತು ನಡುವೆ ಬಿದ್ದಿದೆಯೇ ಎಂದು ನೋಡುವ ಮೆಕ್ಯಾನಿಕ್ಕಿನ ಬಳಿಯೇ ಕೆಲಸ ಮಾಡಿಸಿ. ಗೇಜಿಲ್ಲದೆ ಕೈ ಅಂದಾಜಿನಲ್ಲಿ ಕೂರಿಸಿದ ಸೆಟ್ಟು ಹೊಸದಾಗಿಯೇ ಕೂಗುತ್ತದೆ.

ಹೊಸ ಸೆಟ್ಟು ಕೂತ ಮೇಲೆ ಮೊದಲ ದಿನ 20-30 ಕಿ.ಮೀ. ಖಾಲಿ ಓಡಿಸಿ, ಹೌಸಿಂಗ್ ಪೂರ್ತಿ ತಣ್ಣಗಾಗಲು ಬಿಡಿ. ಸುಮಾರು 800 ಕಿ.ಮೀ.ವರೆಗೆ ಪೂರ್ತಿ ಭಾರ ಹೇರಬೇಡಿ, ಅಷ್ಟು ಓಡಿದ ಮೇಲೆ ಆಯಿಲ್ ಬದಲಿಸಿ ಶಾಫ್ಟಿನ ಫ್ಲ್ಯಾಂಜ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ.