ಬೆಳಗ್ಗೆ ಏಳಕ್ಕೆ ಹಸು ಕರೆಯುವುದು

ನಾನು ಆಸ್ಪತ್ರೆಯೊಂದರ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನಾಲಜಿಸ್ಟ್. ವಿಕಿರಣ ಸೂಸುವ ಔಷಧಿ ಚುಚ್ಚಿ, ಕ್ಯಾಮೆರಾದಲ್ಲಿ ದೇಹದ ಒಳಗನ್ನು ನೋಡುವ ಕೆಲಸ. ಬೆಳಗ್ಗೆ ಏಳಕ್ಕೆ ಹೋದ ಕೂಡಲೇ ಟೆಕ್ನೀಶಿಯಮ್ ಜನರೇಟರ್ ಹತ್ತಿರ ನಿಲ್ಲುತ್ತೇನೆ. ನಮ್ಮ ವೃತ್ತಿಯವರು ಅದನ್ನು ಹಸು ಅಂತಲೇ ಕರೆಯುತ್ತಾರೆ. ದಿನಾ ಕರೆಯುತ್ತಾರೆ ಕೂಡ, ಹಾಲು ಕರೆದ ಹಾಗೆ.

ದಪ್ಪ ಸೀಸದ ಕವಚದೊಳಗೆ ಸಣ್ಣ ಕೊಳವೆ. ಅದರಲ್ಲಿ ಅಲ್ಯುಮಿನಾ ಪುಡಿ, ಪುಡಿಗೆ ಅಂಟಿಕೊಂಡ ಮಾಲಿಬ್ಡಿನಮ್-99. ಅದರ ನ್ಯೂಕ್ಲಿಯಸ್ಸಿನಲ್ಲಿ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿಬಿಡುತ್ತದೆ, ಬೀಟಾ ಕಣವೊಂದು ಹೊರಗೆ ಹಾರುತ್ತದೆ. 42 ಇದ್ದ ಪ್ರೋಟಾನ್ 43 ಆದರೆ ಧಾತುವೇ ಬೇರೆ. ಅದೇ ಟೆಕ್ನೀಶಿಯಮ್. ಇದಕ್ಕೆ ಅಲ್ಯುಮಿನಾ ಮೇಲೆ ಅಷ್ಟು ಹಿಡಿತವಿಲ್ಲ. ಒಂದು ಕಡೆ ಸಲೈನ್, ಇನ್ನೊಂದು ಕಡೆ ಗಾಳಿ ತೆಗೆದ ಬಾಟಲಿ ಚುಚ್ಚಿದರೆ ಸಲೈನ್ ಟೆಕ್ನೀಶಿಯಮ್ಮನ್ನು ತೊಳೆದುಕೊಂಡು ತಾನಾಗಿ ಇಳಿಯುತ್ತದೆ. ಮಾಲಿಬ್ಡಿನಮ್ ಅಲ್ಲೇ ಉಳಿಯುತ್ತದೆ. ಮರುದಿನಕ್ಕೆ ಮತ್ತೆ ಕೆಚ್ಚಲು ತುಂಬಿರುತ್ತದೆ.

ಹೀಗೆ ಸಿಗುವ ಟೆಕ್ನೀಶಿಯಮ್-99ಎಂ ಗಾಮಾ ಕಿರಣ ಬಿಡುತ್ತದೆ, ನಮ್ಮ ಕ್ಯಾಮೆರಾ ನೋಡುವುದು ಅದನ್ನೇ. ಅರ್ಧಾಯು 6 ಗಂಟೆ. ಓದುವಾಗ ನಾನು ಇದನ್ನು ತಪ್ಪಾಗಿ ತಿಳಿದಿದ್ದೆ. ಆರು ಗಂಟೆಗೆ ಅರ್ಧ ಹೋದರೆ ಹನ್ನೆರಡು ಗಂಟೆಗೆ ಪೂರ್ತಿ ಖಾಲಿ, ಅಲ್ವಾ? ಅಲ್ಲ. ಹನ್ನೆರಡಕ್ಕೆ ಕಾಲು ಭಾಗ ಇರುತ್ತದೆ, ಹದಿನೆಂಟಕ್ಕೆ ಅರೆಕಾಲು.

ಪರೀಕ್ಷೆ ಪಾಸಾದ ಮೇಲೂ ಇದು ತಲೆಗೆ ಹೋಗಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತು. ಮೂಳೆ ಸ್ಕ್ಯಾನಿಗೆ ಒಂಬತ್ತು ಗಂಟೆಗೆ 20 ಮಿಲಿಕ್ಯೂರಿ (ವಿಕಿರಣದ ಕಸುವಿನ ಅಳತೆ) ಅಳೆದು ಸಿರಿಂಜಿನಲ್ಲಿಟ್ಟಿದ್ದೆ. ಬಸ್ಸು ಕೆಟ್ಟು ರೋಗಿ ಬಂದದ್ದು ಮೂರಕ್ಕೆ. ಅದೇ ಸಿರಿಂಜ್ ಎತ್ತಿಕೊಂಡೆ. 'ಮತ್ತೆ ಅಳೆದು ನೋಡಮ್ಮ' ಎಂದರು ಹಿರಿಯರು. ಮೀಟರ್ ತೋರಿಸಿದ್ದು 10. ಒಂದು ಹನಿಯೂ ಚೆಲ್ಲಿರಲಿಲ್ಲ, ಕಸುವು ಮಾತ್ರ ಅರ್ಧ. ಬೆಳಗ್ಗೆ ಒಂದು ಮಿಲಿಲೀಟರ್ ಸಾಕಾಗಿದ್ದ ಕಡೆ ಈಗ ಎರಡು ತೆಗೆಯಬೇಕಾಯಿತು. ಫ್ರಿಜ್ಜಿನಲ್ಲಿಟ್ಟಿದ್ದರೂ ಅಷ್ಟೇ. ಇದು ಹಾಲಿನ ಹಾಗೆ ಕೆಡುವುದಲ್ಲ, ತಣ್ಣಗೆ ಬಿಸಿ ಯಾವುದಕ್ಕೂ ಬಗ್ಗುವುದಿಲ್ಲ.

ಒಂದು ಮಿಲಿಕ್ಯೂರಿ ಅಂದರೆ ಸೆಕೆಂಡಿಗೆ 3.7 ಕೋಟಿ ನ್ಯೂಕ್ಲಿಯಸ್‌ಗಳ ಕ್ಷಯ. ಇಷ್ಟರಲ್ಲಿ ಮುಂದಿನ ಸರದಿ ಯಾವುದರದು? ಯಾರೂ ಹೇಳಲಾರರು. ಈಗ ತಾನೇ ಹುಟ್ಟಿದ್ದಕ್ಕೂ ನಿನ್ನೆಯಿಂದ ಉಳಿದಿದ್ದಕ್ಕೂ ಮುಂದಿನ ಸೆಕೆಂಡಿನಲ್ಲಿ ಹೋಗುವ ಸಂಭವ ಒಂದೇ. ನಮ್ಮ ಹಾಗೆ ಮುದಿತನ ಅವಕ್ಕಿಲ್ಲ. ಒಂದರ ಬಗ್ಗೆ ಏನೂ ಗೊತ್ತಿಲ್ಲ, ಕೋಟಿಗಟ್ಟಲೆ ಸೇರಿದರೆ ಗಡಿಯಾರದಷ್ಟು ನಿಖರ. ನನಗೆ ಇವತ್ತಿಗೂ ಇದು ಸೋಜಿಗವೇ.

ಮೊನ್ನೆ ಹಾಸನದ ಕಡೆಯ ಅಜ್ಜ ಒಬ್ಬರು ಇಂಜೆಕ್ಷನ್ ತೆಗೆದುಕೊಂಡು ಕೇಳಿದರು, 'ಮೊಮ್ಮಗೂನ ಎತ್ಕೋಬೋದೇನಮ್ಮಾ?'

'ಇವತ್ತು ಬೇಡ ಅಜ್ಜ. ನೀರು ಜಾಸ್ತಿ ಕುಡೀರಿ. ನಾಳೆ ಇಷ್ಟೊತ್ತಿಗೆ ಹದಿನಾರನೇ ಒಂದು ಭಾಗಕ್ಕಿಂತಲೂ ಕಡಿಮೆ ಉಳಿದಿರುತ್ತೆ, ಮೂತ್ರದಲ್ಲೂ ಹೋಗುತ್ತಲ್ಲ.'

ಮನೆಯಲ್ಲಿ ನಾಲ್ಕು ಹಸು ಇವೆ ಎಂದರು. ನಾನೂ ಸುಮ್ನಿರಲಾರದೆ ನಮ್ಮ ಹಸುವಿನ ಕತೆ ಹೇಳಿದೆ.

'ದಿನಾ ಒಂದೇ ಅಳತೆ ಕೊಡ್ತದಾ?'

'ಇಲ್ಲ ಅಜ್ಜ. ಮಾಲಿಬ್ಡಿನಮ್ಮಿನ ಅರ್ಧಾಯು 66 ಗಂಟೆ. ಸೋಮವಾರ ಕೊಟ್ಟಿದ್ದರಲ್ಲಿ ಗುರುವಾರ ಅರ್ಧವೂ ಸಿಗಲ್ಲ.'

'ಹಂಗಾದ್ರೆ ಶನಿವಾರ ಬಂದೋರಿಗೆ ನೀರು ಹಾಲು ಅನ್ನಿ.'

ನಗು ತಡೆಯಲಾಗಲಿಲ್ಲ. ಶನಿವಾರದವರಿಗೂ ಸಿಗುವುದು ಅಷ್ಟೇ ಮಿಲಿಕ್ಯೂರಿ, ಆದರೆ ಒಬ್ಬೊಬ್ಬರಿಗೂ ಹೆಚ್ಚು ಮಿಲಿಲೀಟರ್ ಬೇಕಾಗಿ ಬಾಟಲಿ ಬೇಗ ಮುಗಿಯುತ್ತದೆ. ಅದಕ್ಕೇ ಜಾಸ್ತಿ ಜನರಿಗೆ, ಜನರೇಟರ್ ಇನ್ನೂ ಹೊಸದಿರುವ ಸೋಮವಾರ, ಮಂಗಳವಾರವೇ ಬನ್ನಿ ಎನ್ನುತ್ತೇವೆ.